ಹಳೆಯ ಫೋಟೊಗಳ ಮನೆ ದುರಸ್ತಿ

ಮುದ್ರಿತ ಛಾಯಾಚಿತ್ರ ಹರಿದಾಗ, ನೆಂದಾಗ, ಬಣ್ಣಗೆಟ್ಟಾಗ, ಬೂಷ್ಟು ಹಿಡಿದಾಗ ಅಥವಾ ಕಟ್ಟಿನ ಗಾಜಿಗೆ ಅಂಟಿಕೊಂಡಾಗ ಅದನ್ನು ಉಳಿಸಿಕೊಳ್ಳಲು ಮನೆಮಂದಿ ಮಾಡುವ ಪ್ರಯತ್ನಗಳಿಗೆಲ್ಲ ಒಟ್ಟಾಗಿ ಫೋಟೊ ದುರಸ್ತಿ ಎನ್ನುವುದು ವಾಡಿಕೆ. ಒಂದೇ ಹೆಸರಿನಡಿ ಇಲ್ಲಿ ಎರಡು ಕೆಲಸಗಳಿವೆ. ಕೈಯಲ್ಲಿರುವ ಮೂಲಪ್ರತಿ ಇನ್ನಷ್ಟು ಕೆಡದಂತೆ ನೋಡಿಕೊಳ್ಳುವುದು ಒಂದು. ಅದರ ನಕಲು ತೆಗೆದು, ಕಲೆ ಬಿರುಕುಗಳನ್ನು ಆ ನಕಲಿನ ಮೇಲೆ ತಿದ್ದಿ, ಹೊಸ ಪ್ರತಿ ಮಾಡಿಸುವುದು ಇನ್ನೊಂದು. ತಿದ್ದುವ ಕೆಲಸವನ್ನೂ ಮೂಲದ ಮೇಲೆಯೇ ಮಾಡಹೋದಲ್ಲಿ ಅನಾಹುತವಾಗುತ್ತದೆ. ಎಷ್ಟೋ ಮನೆಗಳಲ್ಲಿ ಮುತ್ತಜ್ಜಿಯದ್ದು ಎಂದು ಇರುವುದು ಒಂದೇ ಫೋಟೊ. ಅದು ಹೋದರೆ ಆ ಮುಖ ಮತ್ತೆ ಸಿಗುವುದಿಲ್ಲ. ಹಾಗಾಗಿ ಈ ಕೆಲಸಕ್ಕೆ ಕೂರುವವರು ಮೊದಲು ತಿಳಿದಿರಬೇಕಾದದ್ದು ಯಾವುದನ್ನು ಮುಟ್ಟಬಾರದು ಎಂಬುದನ್ನು.

ಫೋಟೊದ ಮೈ

1950ರ ದಶಕದ ಕಪ್ಪುಬಿಳುಪು ಸ್ಟುಡಿಯೊ ಫೋಟೊ ಒಂದರ ಹರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೂರು ಪದರಗಳು ಕಾಣುತ್ತವೆ. ಅಡಿಯಲ್ಲಿ ನಾರುನಾರಾದ ಕಾಗದ. ಅದರ ಮೇಲೆ ಸುಣ್ಣ ಬಳಿದಂತೆ ಅಚ್ಚಬಿಳಿಯ ತೆಳುಲೇಪ. ಇದು ಬೇರಿಯಂ ಸಲ್ಫೇಟ್, ಇದಕ್ಕೆ ಬರೈಟಾ ಎಂದು ಹೆಸರು. ಎಲ್ಲಕ್ಕೂ ಮೇಲೆ ಕೂದಲೆಳೆಗಿಂತ ತೆಳುವಾದ, ಹೊಳೆಯುವ ಪೊರೆ. ಚಿತ್ರವಿರುವುದು ಈ ಪೊರೆಯಲ್ಲಿ. ಅದು ಜೆಲಾಟಿನ್, ಅಂದರೆ ಪ್ರಾಣಿಗಳ ಮೂಳೆ ಚರ್ಮಗಳಿಂದ ತೆಗೆದ ಅಂಟು. ಅದರೊಳಗೆ ಹುದುಗಿರುವ ಬೆಳ್ಳಿಯ ಸೂಕ್ಷ್ಮ ಕಣಗಳೇ ಅಜ್ಜನ ಮೀಸೆ, ಅಜ್ಜಿಯ ಸೀರೆಯ ನೆರಿಗೆ.

ಫೋಟೊಗೆ ಬರುವ ಕಷ್ಟಗಳಲ್ಲಿ ಮುಕ್ಕಾಲು ಪಾಲು ಈ ಜೆಲಾಟಿನ್‌ನ ಗುಣದಿಂದಲೇ ಬರುತ್ತವೆ. ನೀರು ಕುಡಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಆಗ ಬೆರಳು ಸೋಕಿದರೂ ಕಿತ್ತುಬರುತ್ತದೆ. ಒಣಗುವಾಗ ಎದುರಿಗೆ ಗಾಜಿರಲಿ, ಇನ್ನೊಂದು ಫೋಟೊ ಇರಲಿ, ಅದಕ್ಕೆ ಕಚ್ಚಿಕೊಳ್ಳುತ್ತದೆ. ಬೂಷ್ಟಿಗೂ ಹಳೆಯ ಪುಸ್ತಕಗಳ ನಡುವೆ ಓಡಾಡುವ ಬೆಳ್ಳಿಬಣ್ಣದ ಹುಳುವಿಗೂ ಅದು ಒಳ್ಳೆಯ ಆಹಾರ.

ಎಲ್ಲ ಫೋಟೊಗಳ ಮೈಯೂ ಒಂದೇ ಅಲ್ಲ. ಫ್ರಾನ್ಸಿನ ಲೂಯಿ ಡೆಸಿರೆ ಬ್ಲಾಂಕಾರ್ ಎವ್ರಾರ್ 1850ರಲ್ಲಿ ಪರಿಚಯಿಸಿದ ಆಲ್ಬುಮೆನ್ ಕಾಗದದಲ್ಲಿ ಬೆಳ್ಳಿಯನ್ನು ಹಿಡಿದಿಟ್ಟದ್ದು ಮೊಟ್ಟೆಯ ಬಿಳಿಲೋಳೆ. ಧಾರವಾಡ ಮತ್ತು ಮೈಸೂರು ಸೀಮೆಯ ದೇವಾಲಯಗಳ ಚಿತ್ರಗಳನ್ನು ಹಾಳೆಗೆ ಅಂಟಿಸಿ 1866ರಲ್ಲಿ ಲಂಡನ್ನಿನಲ್ಲಿ ಹೊರತಂದ ಗ್ರಂಥದಲ್ಲಿರುವುದು ಇಂಥ ಚಿತ್ರಗಳೇ. ರಾಜಾ ದೀನದಯಾಳ್ ತೆಗೆದ ಹೈದರಾಬಾದಿನ ಚಿತ್ರಗಳಲ್ಲಿಯೂ ಹೆಚ್ಚಿನವು ಈ ಬಗೆಯವು. ಕಾಲ ಕಳೆದಂತೆ ಇವು ಹಳದಿಗಟ್ಟುತ್ತವೆ, ಮೇಲ್ಮೈಯಲ್ಲಿ ಬಲೆಯಂಥ ಸೀಳುಗಳು ಮೂಡುತ್ತವೆ. ಕಂದುಬಣ್ಣದ, ದಪ್ಪ ರಟ್ಟಿಗೆ ಅಂಟಿಸಿದ, ಕಾಗದದ ನಾರು ಎದ್ದುಕಾಣುವ ತೆಳು ಚಿತ್ರವೊಂದು ಮನೆಯ ಪೆಟ್ಟಿಗೆಯಲ್ಲಿ ಸಿಕ್ಕಿದರೆ ಅದಕ್ಕೆ ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆ ಏನೂ ಇಲ್ಲ. ನಕಲು ತೆಗೆದು ಎತ್ತಿಡುವುದೊಂದೇ.

ನಮ್ಮ ಮನೆಗಳಲ್ಲಿರುವ ಕಪ್ಪುಬಿಳುಪು ಫೋಟೊಗಳಲ್ಲಿ ಬಹುಪಾಲು 20ನೆಯ ಶತಮಾನದ ಜೆಲಾಟಿನ್ ಕಾಗದದವು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ 'ಇಂದು' ಎಂಬ ಹೆಸರಿನಲ್ಲಿ ಮಾರುತ್ತಿದ್ದ ಕಪ್ಪುಬಿಳುಪು ಸರಕನ್ನು ಹಳೆಯ ಸ್ಟುಡಿಯೊದವರು ಇಂದಿಗೂ ನೆನೆಯುತ್ತಾರೆ. 1970ರ ದಶಕದಿಂದೀಚೆಗೆ ಎರಡೂ ಬದಿಗೆ ಪ್ಲಾಸ್ಟಿಕ್ ಲೇಪಿಸಿದ ಆರ್‌ಸಿ ಕಾಗದ ಬಂತು. ಅದರ ಬೆನ್ನು ನುಣುಪಾಗಿರುತ್ತದೆ, ಹಲವು ವೇಳೆ ತಯಾರಕರ ಹೆಸರು ತೆಳುವಾಗಿ ಅಚ್ಚಾಗಿರುತ್ತದೆ. ಬಣ್ಣದ ಫೋಟೊಗಳಲ್ಲಿ ಕೊನೆಗೆ ಉಳಿಯುವುದು ಬೆಳ್ಳಿಯಲ್ಲ, ಮೂರು ಬಣ್ಣದ ವರ್ಣದ್ರವ್ಯಗಳು. ಇನ್ನು ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದ ಚಿತ್ರ ಬೇರೆಯೇ ಜಾತಿ. ಅದರಲ್ಲಿ ಶಾಯಿ ಕಾಗದದ ಲೇಪದಲ್ಲಿ ಇಂಗಿರುತ್ತದೆ, ಎಷ್ಟೋ ಸಲ ಒಂದು ಹನಿ ನೀರಿಗೂ ಹರಡಿಬಿಡುತ್ತದೆ.

ಯಾವ ಫೋಟೊ ಯಾವ ಜಾತಿಯದು ಎಂದು ತಿಳಿಯದೆ ನೀರು ಮುಟ್ಟಿಸಬಾರದು. ಅನುಮಾನವಿದ್ದರೆ ಬಿಳಿ ಅಂಚಿನ ಒಂದು ಮೂಲೆಯಲ್ಲಿ, ಚಿತ್ರವಿಲ್ಲದ ಕಡೆ, ಹಿಂಡಿದ ಹತ್ತಿಯ ತುದಿಯನ್ನು ಒಂದು ಕ್ಷಣ ಇಟ್ಟು ತೆಗೆದು ನೋಡುವುದುಂಟು. ಜೆಲಾಟಿನ್ ಆಗಿದ್ದರೆ ಆ ಜಾಗ ಸ್ವಲ್ಪ ಅಂಟಂಟಾಗುತ್ತದೆ.

ಕೆಡುವ ಬಗೆ

ಕನ್ನಡನಾಡಿನ ಮನೆಗಳಲ್ಲಿ ಫೋಟೊ ಕೆಡುವ ಮುಖ್ಯ ಜಾಗ ಗೋಡೆ. ಹಿರಿಯರ ಫೋಟೊಗೆ ಕಟ್ಟು ಹಾಕಿಸಿ, ಗಾಜಿಗೆ ತಾಗಿದಂತೆಯೇ ಫೋಟೊ ಇಟ್ಟು, ಹಿಂದೆ ಹಾರ್ಡ್‌ಬೋರ್ಡು ಬಡಿದು, ಹಲವು ಸಲ ಹೊರಗೋಡೆಗೇ ತೂಗುಹಾಕುತ್ತಾರೆ. ಮಳೆಗಾಲದಲ್ಲಿ ಗೋಡೆ ನೀರು ಕುಡಿಯುತ್ತದೆ. ಆ ತೇವ ಹಾರ್ಡ್‌ಬೋರ್ಡಿನ ಮೂಲಕ ಒಳಗಿಳಿದು ಜೆಲಾಟಿನ್ ಮೆತ್ತಗಾಗಿ ಗಾಜಿಗೆ ಒತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅಲ್ಲೇ ಒಣಗಿ ಕಚ್ಚುತ್ತದೆ. ಗಾಜಿಗೆ ಗಂಧ ಕುಂಕುಮ ಹಚ್ಚುವಾಗ ನೀರು ಕೆಳಗೆ ಜಾರಿ ಕಟ್ಟಿನ ಸಂದಿಯಲ್ಲಿ ಇಳಿಯುವುದೂ ಇದಕ್ಕೆ ಕೂಡಿಕೊಳ್ಳುತ್ತದೆ. ಎಷ್ಟೋ ಫೋಟೊಗಳು ಕೆಳ ಅಂಚಿನಿಂದಲೇ ಕೆಡುತ್ತಾ ಬರುವುದಕ್ಕೆ ಇದೊಂದು ಕಾರಣ.

ಗಾಳಿಯ ತೇವಾಂಶ ಶೇ. 65 ದಾಟಿ ಹಾಗೆಯೇ ನಿಂತರೆ ಬೂಷ್ಟು ಬೆಳೆಯಲು ಅನುಕೂಲ. ಮಲೆನಾಡಿನಲ್ಲೂ ಕರಾವಳಿಯಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಅದಕ್ಕಿಂತ ಕೆಳಗಿಳಿಯುವ ದಿನಗಳು ಕಡಿಮೆ. ಬೂಷ್ಟು ಜೆಲಾಟಿನ್ ಮೇಲೆ ಬೆಳೆಯುವುದಷ್ಟೇ ಅಲ್ಲ, ಅದನ್ನು ಜೀರ್ಣಿಸಿಕೊಳ್ಳುತ್ತದೆ. ಬೂಷ್ಟು ತಿಂದ ಜಾಗದ ಜೆಲಾಟಿನ್ ನೀರಿನಲ್ಲಿ ಕರಗುವ ಸ್ಥಿತಿಗೆ ಬಂದಿರುತ್ತದೆ. ಇದನ್ನು ತಿಳಿಯದೆ ಬೂಷ್ಟು ಹಿಡಿದ ಫೋಟೊವನ್ನು ಒದ್ದೆಬಟ್ಟೆಯಲ್ಲಿ ಒರೆಸಿದವರ ಕಣ್ಣೆದುರೇ ಮುಖ ಬಟ್ಟೆಗೆ ಬಂದುಬಿಡುತ್ತದೆ.

ಹಳೆಯ ಫೋಟೊವನ್ನು ಓರೆಯಾಗಿ ಹಿಡಿದಾಗ ಕಪ್ಪು ಭಾಗದಲ್ಲಿ ನೀಲಿಛಾಯೆಯ ಕನ್ನಡಿಹೊಳಪು ಕಂಡರೆ ಅದು ಕೊಳೆಯಲ್ಲ. ಒಳಗಿನ ಬೆಳ್ಳಿ ತೇವ ಮತ್ತು ಗಾಳಿಯ ದೆಸೆಯಿಂದ ಉತ್ಕರ್ಷಣಗೊಂಡು ಮೇಲ್ಮೈಗೆ ಬಂದು ಮತ್ತೆ ಬೆಳ್ಳಿಯಾಗಿ ಕೂತಿರುತ್ತದೆ. ತಿಕ್ಕಿ ತೆಗೆದರೆ ಹೋಗುವುದು ಚಿತ್ರದ ಬೆಳ್ಳಿಯೇ.

ಬಣ್ಣದ ಫೋಟೊಗಳ ಪಾಡು ಇನ್ನೂ ನೋವಿನದು. 1970ರ ದಶಕದ ಮದುವೆಯ ಆಲ್ಬಂ ತೆರೆದರೆ ಎಲ್ಲರೂ ಕೆಂಪುಕೆಂಪಾಗಿ ಕಾಣುತ್ತಾರೆ. ಬಿಸಿಲು ಕಾಣದೆ ಪೆಟ್ಟಿಗೆಯಲ್ಲಿದ್ದ ಆಲ್ಬಮ್ಮಿಗೂ ಇದೇ ಗತಿ. ಆ ಕಾಲದ ಕಾಗದದಲ್ಲಿ ಸಯಾನ್ ಎಂಬ ಹಸಿರುನೀಲಿ ದ್ರವ್ಯ ಕತ್ತಲಲ್ಲಿದ್ದರೂ ತಾನಾಗಿ ಮಾಸುತ್ತಿತ್ತು, ಉಳಿದ ಎರಡು ಬಣ್ಣಗಳು ಮೇಲುಗೈ ಪಡೆಯುತ್ತಿದ್ದವು. ಅದೇ ಮನೆಯ 1940ರ ದಶಕದ ಕಪ್ಪುಬಿಳುಪು ಫೋಟೊ ಅದಕ್ಕಿಂತ ಚೆನ್ನಾಗಿ ಉಳಿದಿರುವುದಕ್ಕೆ ಕಾರಣ ಬೆಳ್ಳಿಯ ಗಟ್ಟಿತನ. ಹೆನ್ರಿ ವಿಲ್‌ಹೆಲ್ಮ್ ಎಂಬ ಅಮೆರಿಕದ ಸಂಶೋಧಕ ವರ್ಷಾನುಗಟ್ಟಲೆ ಇಂಥ ಕಾಗದಗಳನ್ನು ಪರೀಕ್ಷಿಸಿ 1993ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಮಾಸಿದ ವರ್ಣದ್ರವ್ಯವನ್ನು ಮೂಲದ ಮೇಲೆ ಮರಳಿ ತರುವ ದಾರಿ ಇಲ್ಲ. ನಕಲಿನಲ್ಲಿ ಮಾತ್ರ ಅದನ್ನು ಸರಿದೂಗಿಸಬಹುದು.

ನೀರಿಗೆ ಬಿದ್ದ ಫೋಟೊ

ಅವಸರದಲ್ಲಿ ಏನಾದರೂ ಮಾಡಲೇಬೇಕಾದ ಸಂದರ್ಭ ಇದೊಂದೇ. ನೆಂದ ಫೋಟೊಗೆ ಬೂಷ್ಟು ಹಿಡಿಯಲು ಎರಡು ದಿನ ಸಾಕು. ಒಂದರ ಮೇಲೊಂದು ಇದ್ದು ಒಣಗಿದರೆ ಅವು ಒಂದೇ ಇಟ್ಟಿಗೆಯಾಗುತ್ತವೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, ಮರುವರ್ಷ ಅದೇ ತಿಂಗಳು ಕೃಷ್ಣಾ ಮಲಪ್ರಭಾ ತೀರದಲ್ಲಿ ಮನೆಗಳಿಗೆ ನೀರು ನುಗ್ಗಿದಾಗ ಪಾತ್ರೆಪಗಡದ ಜೊತೆ ಆಲ್ಬಮ್ಮುಗಳೂ ನೆಂದವು. ಮನೆ ಮತ್ತೆ ನಿಂತ ಮೇಲೆ ಜನ ಹುಡುಕುವ ವಸ್ತುಗಳಲ್ಲಿ ಆಲ್ಬಂ ಒಂದು, ಆದರೆ ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಒದ್ದೆ ಫೋಟೊಗಳನ್ನು ಒಂದೊಂದಾಗಿ ಬೇರ್ಪಡಿಸಿ, ಕೆಸರಿದ್ದರೆ ತಟ್ಟೆಯಲ್ಲಿ ತಣ್ಣೀರು ತುಂಬಿ ಅದರಲ್ಲಿ ಮುಳುಗಿಸಿ ಮೆಲ್ಲನೆ ಅಲುಗಿಸಬೇಕು. ಚಿತ್ರದ ಮೇಲೆ ಬೆರಳಾಗಲಿ ಬಟ್ಟೆಯಾಗಲಿ ತಾಗಬಾರದು. ನೀರು ತಣ್ಣಗಿರುವುದು ಮುಖ್ಯ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೇಲಿನ ತೊಟ್ಟಿಯಿಂದ ಬರುವ ನೀರು ಜೆಲಾಟಿನ್‌ಗೆ ಬಿಸಿನೀರೇ ಸರಿ. ರಾತ್ರಿ ಹಿಡಿದಿಟ್ಟ ನೀರು ಆದೀತು. ತೊಳೆದದ್ದನ್ನು ಸ್ವಚ್ಛ ಹತ್ತಿಬಟ್ಟೆಯ ಮೇಲೆ ಮುಖ ಮೇಲಾಗಿ ಹರಡಬೇಕು, ಇಲ್ಲವೆ ಬಿಳಿ ಅಂಚಿನ ಮೂಲೆಗೆ ಬಟ್ಟೆಯ ಕ್ಲಿಪ್ಪು ಹಾಕಿ ನೆರಳಲ್ಲಿ ತೂಗಬಿಡಬೇಕು. ಬಿಸಿಲು ಬೇಡ, ಹೇರ್ ಡ್ರೈಯರ್ ಬೇಡ. ಒಣಗಿದ ಮೇಲೆ ಸುರುಳಿ ಸುತ್ತಿಕೊಂಡರೆ ಗಾಬರಿಯಾಗಬೇಕಿಲ್ಲ, ಅದನ್ನು ಆಮೇಲೆ ಚಪ್ಪಟೆ ಮಾಡಬಹುದು. ನೂರಾರು ಫೋಟೊಗಳಿದ್ದು ಒಂದೇ ದಿನದಲ್ಲಿ ಮುಗಿಯುವಂತಿಲ್ಲವಾದರೆ ನಡುನಡುವೆ ಬೇಕಿಂಗ್ ಪೇಪರ್ ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿಗೆ ಹಾಕುವುದು ಪರಿಣತರೂ ಒಪ್ಪುವ ಉಪಾಯ. ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಬೂಷ್ಟು ಬೆಳೆಯುವುದಿಲ್ಲ. ಬಿಡುವಾದಾಗ ಸ್ವಲ್ಪಸ್ವಲ್ಪವೇ ತೆಗೆದು ಕರಗಿಸಿ ಒಣಗಿಸಬಹುದು.

ಕಾಗದ ಮತ್ತು ಚಿತ್ರಗಳ ಸಂರಕ್ಷಣೆ ಇಂದಿನ ಶಾಸ್ತ್ರವಾಗಿ ಬೆಳೆಯಲು ದೊಡ್ಡ ಪ್ರೇರಣೆ ಸಿಕ್ಕಿದ್ದು 1966ರ ನವೆಂಬರ್ 4ರಂದು ಇಟಲಿಯ ಆರ್ನೊ ನದಿ ಉಕ್ಕಿ ಫ್ಲಾರೆನ್ಸ್ ನಗರ ಮುಳುಗಿದಾಗ. ಮನೆಮಂದಿಯ ಫೋಟೊಗಳ ವಿಷಯಕ್ಕೆ ಬಂದರೆ ಅಂಥ ದೊಡ್ಡ ಪ್ರಯತ್ನ ನಡೆದದ್ದು ಜಪಾನಿನಲ್ಲಿ. 2011ರ ಮಾರ್ಚ್ 11ರ ಸುನಾಮಿಯ ನಂತರ ಮಿಯಾಗಿ ಪ್ರಾಂತ್ಯದ ಯಾಮಾಮೊತೊ ಪಟ್ಟಣವೊಂದರಲ್ಲೇ ಸುಮಾರು ಏಳೂವರೆ ಲಕ್ಷ ಫೋಟೊಗಳನ್ನು ಕೆಸರಿನಿಂದ ಆರಿಸಿ, ತೊಳೆದು, ಡಿಜಿಟಲ್ ನಕಲು ಮಾಡಿ, ಸಂಖ್ಯೆ ಕೊಟ್ಟು, ಬದುಕುಳಿದವರು ಬಂದು ಹುಡುಕಿಕೊಳ್ಳುವಂತೆ ಜೋಡಿಸಿಡಲಾಯಿತು. ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಸ್ವಯಂಸೇವಕರು, ವಿದ್ಯಾರ್ಥಿಗಳು. ಅನೇಕ ಚಿತ್ರಗಳಲ್ಲಿ ಬ್ಯಾಕ್ಟೀರಿಯಾಗಳು ಅಂಚಿನಿಂದ ಒಳಕ್ಕೆ ಜೆಲಾಟಿನ್ ತಿಂದು, ಬಣ್ಣಗಳು ಕಲಸಿ ಹರಿದು, ನಡುವೆ ಒಂದು ಮುಖದಷ್ಟು ಜಾಗ ಮಾತ್ರ ಉಳಿದಿತ್ತು. ಅಷ್ಟನ್ನೂ ಅವರು ಎಸೆಯಲಿಲ್ಲ.

ಗಾಜಿಗೆ ಅಂಟಿದ್ದು, ಹರಿದದ್ದು, ಸುರುಳಿಯಾದದ್ದು

ಗಾಜಿಗೆ ಅಂಟಿದ ಫೋಟೊ ಮನೆಗಳಲ್ಲಿ ಬಹಳ ಸಾಮಾನ್ಯವಾದ ಸಮಸ್ಯೆ. ಅಂಟಿದೆಯೋ ಇಲ್ಲವೋ ಎಂದು ತಿಳಿಯಲು ಕಟ್ಟನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಸಾಕು: ಕಚ್ಚಿಕೊಂಡ ಭಾಗ ಒದ್ದೆಯಾದಂತೆ ಗಾಢವಾಗಿ, ಬಿಡುವಿರುವ ಭಾಗ ಸ್ವಲ್ಪ ಮಸುಕಾಗಿ ಕಾಣುತ್ತದೆ. ಆಗ ಹಿಂಬದಿಯ ಮೊಳೆ ತೆಗೆದು ಮೂಲೆಯಿಂದ ಎಳೆಯುವುದೇ ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಹಾಗೆ ಎಳೆದರೆ ಕಾಗದ ಕೈಗೆ ಬರುತ್ತದೆ, ಮುಖ ಗಾಜಿನಲ್ಲೇ ಉಳಿಯುತ್ತದೆ. ಬ್ಲೇಡು ತೂರಿಸುವುದು, ಇಸ್ತ್ರಿಪೆಟ್ಟಿಗೆಯ ಬಿಸಿ ಕೊಡುವುದು ಇನ್ನೂ ಕೆಟ್ಟದ್ದು.

ಸರಿಯಾದ ಕ್ರಮ ಹೀಗಿದೆ. ಫೋಟೊ ಗಾಜಿನಲ್ಲೇ ಇರಲಿ. ಗಾಜಿನ ಹೊರಮೈಯನ್ನು ಒಣಬಟ್ಟೆಯಲ್ಲಿ ಒರೆಸಿ, ಗಾಜಿನ ಮೂಲಕವೇ ಸ್ಕ್ಯಾನ್ ಮಾಡಬೇಕು. ಕಚ್ಚಿದ ಭಾಗದಲ್ಲಿ ಗಾಜಿಗೂ ಚಿತ್ರಕ್ಕೂ ನಡುವೆ ಗಾಳಿ ಇಲ್ಲದಿರುವುದರಿಂದ ನಕಲು ಆಶ್ಚರ್ಯವಾಗುವಷ್ಟು ಚೆನ್ನಾಗಿ ಬರುತ್ತದೆ. ಅಷ್ಟಾದ ಮೇಲೆ ಮೂಲವನ್ನು ಗಾಜಿನ ಸಮೇತ ಹಾಗೆಯೇ ಎತ್ತಿಡುವುದು ಎಲ್ಲಕ್ಕಿಂತ ಕ್ಷೇಮ. ಬಿಡಿಸಲೇಬೇಕೆಂದಿದ್ದರೆ, ಫೋಟೊ ಖಂಡಿತ ಜೆಲಾಟಿನ್ ಕಾಗದದ್ದೇ ಆಗಿದ್ದು, ಬೂಷ್ಟಿನ ಗುರುತಿಲ್ಲದೆ, ಕೈಯಿಂದ ಬಣ್ಣ ಹಚ್ಚಿದ್ದಲ್ಲದಿದ್ದರೆ ಮಾತ್ರ ತಣ್ಣೀರಿನ ತಟ್ಟೆಯಲ್ಲಿ ಗಾಜಿನೊಂದಿಗೇ ಮುಳುಗಿಸಿಡುವ ಕ್ರಮವಿದೆ. ಅರ್ಧ ಗಂಟೆಯೋ ಒಂದೆರಡು ಗಂಟೆಯೋ ಆದ ಮೇಲೆ ಜೆಲಾಟಿನ್ ನೀರು ಕುಡಿದು ತಾನಾಗಿ ಜಾರುತ್ತದೆ. ಜಾರದಿದ್ದರೆ ಮತ್ತೆ ಕಾಯಬೇಕೇ ಹೊರತು ಎಳೆಯಬಾರದು. ಸ್ಟುಡಿಯೊಗಳಲ್ಲಿ ಕಪ್ಪುಬಿಳುಪು ಚಿತ್ರಕ್ಕೆ ತುಟಿ, ಸೀರೆಯಂಚು, ಒಡವೆಗಳಿಗಷ್ಟೇ ಬಣ್ಣ ತುಂಬುವ ಪದ್ಧತಿ ದಶಕಗಟ್ಟಲೆ ಇತ್ತು. ಅಂಥ ಬಣ್ಣ ನೀರಿನಲ್ಲಿ ಬಿಟ್ಟುಹೋಗುವ ಸಾಧ್ಯತೆ ಹೆಚ್ಚು.

ಹರಿದ ಫೋಟೊಗೆ ಸೆಲೋಟೇಪ್ ಅಂಟಿಸುವುದು ಎಲ್ಲ ಮನೆಗಳಲ್ಲೂ ನಡೆದಿರುವ ತಪ್ಪು. ಕೆಲವು ವರ್ಷಗಳಲ್ಲಿ ಟೇಪಿನ ಪ್ಲಾಸ್ಟಿಕ್ ಒಣಗಿ ಉದುರುತ್ತದೆ, ಅದರ ಅಂಟು ಮಾತ್ರ ಕಾಗದದೊಳಗೆ ಇಳಿದು ಜೇನುಬಣ್ಣದ ಪಟ್ಟೆಯಾಗಿ ನಿಲ್ಲುತ್ತದೆ. ಪರಿಣತರು ಹರಕನ್ನು ಹಿಂಬದಿಯಿಂದ ಗೋಧಿ ಪಿಷ್ಟದ ಅಂಟು ಮತ್ತು ಜಪಾನಿನ ಉದ್ದನಾರಿನ ತೆಳುಕಾಗದದಿಂದ ಕೂಡಿಸುತ್ತಾರೆ. ಬೇಕೆಂದಾಗ ನೀರಿನ ತೇವದಿಂದ ಅದನ್ನು ಮತ್ತೆ ಬಿಡಿಸಬಹುದು ಎಂಬುದೇ ಅದರ ಹಿರಿಮೆ. ಮನೆಯಲ್ಲಿ ಅಷ್ಟು ಸಹ ಬೇಕಿಲ್ಲ. ಚೂರುಗಳನ್ನೆಲ್ಲ, ಉಗುರಿನಷ್ಟು ಸಣ್ಣದನ್ನೂ ಬಿಡದೆ, ಒಂದು ಲಕೋಟೆಯಲ್ಲಿ ಚಪ್ಪಟೆಯಾಗಿಟ್ಟರೆ ಸಾಕು. ಸ್ಕ್ಯಾನರಿನ ಗಾಜಿನ ಮೇಲೆ ಚೂರುಗಳನ್ನು ಕೂದಲೆಳೆಯಷ್ಟು ಅಂತರ ಬಿಟ್ಟು ಇಟ್ಟು ನಕಲು ತೆಗೆದರೆ ಜೋಡಿಸುವ ಕೆಲಸ ಕಂಪ್ಯೂಟರಿನಲ್ಲಿ ಆಗುತ್ತದೆ.

ಅಂಟುಹಾಳೆಯ ಆಲ್ಬಮ್ಮುಗಳು 1970 ಮತ್ತು 80ರ ದಶಕದ ಕೊಡುಗೆ. ಪ್ಲಾಸ್ಟಿಕ್ ಪರದೆ ಎತ್ತಿ ಫೋಟೊ ಒತ್ತಿದರೆ ಕೂರುತ್ತಿತ್ತು. ಇಂದು ಅದೇ ಅಂಟು ಗಟ್ಟಿಯಾಗಿ ಫೋಟೊ ಮಿಸುಕುವುದಿಲ್ಲ. ಮೇಣವಿಲ್ಲದ ಹಲ್ಲಿನ ದಾರವನ್ನು ಮೂಲೆಯಿಂದ ಫೋಟೊದ ಕೆಳಗೆ ತೂರಿಸಿ, ಗರಗಸದಂತೆ ಅತ್ತಿತ್ತ ಆಡಿಸುತ್ತ ಬಿಡಿಸುವುದು ವಸ್ತುಸಂಗ್ರಹಾಲಯಗಳಲ್ಲೂ ಬಳಕೆಯಲ್ಲಿರುವ ಸರಳ ವಿಧಾನ. ಆರ್‌ಸಿ ಕಾಗದದ ಬೆನ್ನು ಗಟ್ಟಿಯಾದ್ದರಿಂದ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಇದಕ್ಕೂ ಮೊದಲು ಪುಟವನ್ನು ಇಡಿಯಾಗಿ ಫೋಟೊ ತೆಗೆದಿಟ್ಟುಕೊಳ್ಳಬೇಕು.

ಶಾಲೆಯ ಗುಂಪು ಫೋಟೊದಂಥ ಉದ್ದನೆಯ ಚಿತ್ರಗಳನ್ನು ಸುರುಳಿ ಸುತ್ತಿ ಅಟ್ಟಕ್ಕೆ ಹಾಕಿರುತ್ತಾರೆ. ಐವತ್ತು ವರ್ಷದ ನಂತರ ಅದನ್ನು ಬಲವಂತವಾಗಿ ಬಿಚ್ಚಿದರೆ ಜೆಲಾಟಿನ್ ಅಡ್ಡಡ್ಡ ಸೀಳುತ್ತದೆ. ಮುಚ್ಚಳವಿರುವ ದೊಡ್ಡ ಡಬ್ಬದ ತಳದಲ್ಲಿ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಜಾಲರಿಯಿಟ್ಟು, ಜಾಲರಿಯ ಮೇಲೆ ಸುರುಳಿಯನ್ನು ನೀರು ತಾಗದಂತೆ ಇಟ್ಟು ಮುಚ್ಚಿದರೆ ಕೆಲವು ಗಂಟೆಗಳಲ್ಲಿ ತೇವಗಾಳಿ ಹೀರಿ ಕಾಗದ ಮೆದುವಾಗುತ್ತದೆ. ಆಗ ಮೆಲ್ಲನೆ ಬಿಚ್ಚಿ, ಚಿತ್ರದ ಮೇಲೆ ಬೇಕಿಂಗ್ ಪೇಪರ್, ಎರಡೂ ಕಡೆ ಬ್ಲಾಟಿಂಗ್ ಪೇಪರ್ ಇಟ್ಟು, ಮೇಲೆ ಹಲಗೆ ಹೇರಿ ಒಣಗಿಸಬೇಕು. ಡಬ್ಬವನ್ನು ರಾತ್ರಿಯಿಡೀ ಮರೆತುಬಿಡುವುದು ಬೂಷ್ಟನ್ನು ಕರೆದಂತೆ.

ಧೂಳಿಗೆ ಮೃದುವಾದ ಕುಂಚ. ಅದಕ್ಕಿಂತ ಹೆಚ್ಚೇನೂ ಬೇಡ. ಬೂಷ್ಟನ್ನು ಪೂರ್ತಿ ಒಣಗಿಸಿದ ಮೇಲೆ, ಮನೆಯ ಹೊರಗೆ, ಮೂಗುಬಾಯಿಗೆ ಮಾಸ್ಕ್ ಹಾಕಿಕೊಂಡು ಕೊಡವಬೇಕು.

ನಕಲು

ನಕಲಿಗೆ ಮೊದಲು ಒಂದು ಮಾತು: ನೆಗೆಟಿವ್ ಇದೆಯೇ ಎಂದು ಹುಡುಕಬೇಕು. ಫೋಟೊ ಎಷ್ಟೇ ಕೆಟ್ಟಿದ್ದರೂ ನೆಗೆಟಿವ್ ಚೆನ್ನಾಗಿದ್ದರೆ ದುರಸ್ತಿಯ ಮಾತೇ ಇಲ್ಲ, ಹೊಸ ಪ್ರತಿ ತೆಗೆಸಿದರಾಯಿತು. ಆಲ್ಬಮ್ಮಿನ ಕೊನೆಯ ಜೇಬಿನಲ್ಲಿ, ಸ್ಟುಡಿಯೊದ ಹಳದಿ ಲಕೋಟೆಯಲ್ಲಿ ಅದು ಉಳಿದಿರುವುದುಂಟು. ಊರಿನ ಹಳೆಯ ಸ್ಟುಡಿಯೊ ಇನ್ನೂ ಇದ್ದರೆ ಅಲ್ಲೂ ಕೇಳಬೇಕು, ಬೆಂಗಳೂರಿನ ಜಿ. ಕೆ. ವೇಲ್‌ನಂತೆ 1910ರಿಂದ ನಡೆದುಬಂದ ಸ್ಟುಡಿಯೊಗಳೂ ನಮ್ಮಲ್ಲಿವೆ. ನೆಗೆಟಿವ್ ಇಟ್ಟ ಡಬ್ಬ ತೆರೆದಾಗ ವಿನೆಗರಿನ ಹುಳಿವಾಸನೆ ಬಂದರೆ ಅದರ ಅಸಿಟೇಟ್ ತಳ ಕೊಳೆಯತೊಡಗಿದೆ ಎಂದರ್ಥ. ತಡಮಾಡದೆ ಅದರಿಂದ ನಕಲು ತೆಗೆಯಬೇಕು.

ಫೋಟೊವನ್ನೇ ನಕಲು ಮಾಡುವುದಾದರೆ ಮಟ್ಟಸವಾದ ಗಾಜಿನ ಸ್ಕ್ಯಾನರು ಒಳ್ಳೆಯದು. ಅದೇ ಅಳತೆಯ ಪ್ರತಿ ಸಾಕೆಂದರೆ ಅಂಗುಲಕ್ಕೆ 300 ಚುಕ್ಕೆ, ದೊಡ್ಡದು ಮಾಡಿಸಲು 600. ನಾಲ್ಕು ಅಂಗುಲ ಅಗಲ, ಆರು ಅಂಗುಲ ಉದ್ದದ ಫೋಟೊವನ್ನು 600ರಲ್ಲಿ ಸ್ಕ್ಯಾನ್ ಮಾಡಿದರೆ 2400ಕ್ಕೆ 3600ರಂತೆ 86 ಲಕ್ಷ ಪಿಕ್ಸೆಲ್‌ಗಳ ಚಿತ್ರ ಬರುತ್ತದೆ. ಟಿಫ್ ರೂಪದಲ್ಲಿ ಉಳಿಸಿದರೆ ಕಡತ ಸುಮಾರು 25 ಎಂಬಿ ಆಗುತ್ತದೆ. ಜೆಪೆಗ್ ಪುಟ್ಟದಾಗುತ್ತದೆ, ಆದರೆ ಪ್ರತಿಸಲ ತಿದ್ದಿ ಉಳಿಸಿದಾಗಲೂ ಸ್ವಲ್ಪಸ್ವಲ್ಪ ವಿವರ ಕಳೆಯುತ್ತದೆ. ಕಪ್ಪುಬಿಳುಪು ಫೋಟೊವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಬೇಕು. ಅದರ ಉಪಯೋಗ ಮುಂದೆ ಗೊತ್ತಾಗುತ್ತದೆ.

1970 ಮತ್ತು 80ರ ದಶಕದಲ್ಲಿ ಜೇನುಗೂಡಿನಂಥ ಉಬ್ಬುತಗ್ಗುಗಳ 'ಸಿಲ್ಕ್' ಕಾಗದ ಬಲು ಮೆಚ್ಚಿನದಾಗಿತ್ತು. ಸ್ಕ್ಯಾನರಿನ ದೀಪ ಒಂದು ಪಕ್ಕದಿಂದ ಬೀಳುವುದರಿಂದ ಆ ಉಬ್ಬುಗಳೆಲ್ಲ ನೆರಳು ಚೆಲ್ಲಿ ಮುಖದ ತುಂಬ ಸಿಡುಬಿನ ಕಲೆಯಂತೆ ಕಾಣುತ್ತವೆ. ಫೋಟೊವನ್ನು ಒಮ್ಮೆ ನೇರವಾಗಿ, ಒಮ್ಮೆ ತಲೆಕೆಳಗಾಗಿ ಸ್ಕ್ಯಾನ್ ಮಾಡಿ, ಎರಡನ್ನೂ ಒಂದರ ಮೇಲೊಂದು ಕೂರಿಸಿ, ಮೇಲಿನದನ್ನು ಅರ್ಧ ಪಾರದರ್ಶಕ ಮಾಡಿದರೆ ಎದುರುಬದುರಿನ ನೆರಳುಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸಿಹಾಕುತ್ತವೆ. ಇಷ್ಟು ಚಂದದ ಉಪಾಯ ಈ ಕಸುಬಿನಲ್ಲಿ ಇನ್ನೊಂದಿಲ್ಲ.

ಸ್ಕ್ಯಾನರ್ ಇಲ್ಲದವರಿಗೆ ಮೊಬೈಲು ಸಾಕು. ಬಿಸಿಲು ನೇರವಾಗಿ ಬೀಳದ ಜಗಲಿಯಲ್ಲಿ ಫೋಟೊವನ್ನು ಮಟ್ಟಸವಾಗಿಟ್ಟು, ಮೊಬೈಲನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದು, ಫ್ಲ್ಯಾಶ್ ಆರಿಸಿ ತೆಗೆಯಬೇಕು. ರಾತ್ರಿಯಾದರೆ ಎರಡು ಪಕ್ಕದಿಂದ 45 ಡಿಗ್ರಿ ಕೋನದಲ್ಲಿ ಎರಡು ಒಂದೇ ಬಗೆಯ ದೀಪಗಳು.

ತಿದ್ದುವುದು

ಹಿಂದೆ ತಿದ್ದುವ ಕೆಲಸವೆಂದರೆ ಸ್ಟುಡಿಯೊದ ರೀಟಚಿಂಗ್ ಮೇಜು: ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲು, ಪ್ರಿಂಟಿನ ಮೇಲೆ ಸಣ್ಣ ಕುಂಚ. ಇಂದು ಅದೆಲ್ಲ ಕಂಪ್ಯೂಟರಿನಲ್ಲಿ. ಥಾಮಸ್ ಮತ್ತು ಜಾನ್ ನೋಲ್ ಸೋದರರ ಫೋಟೊಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂತು. ದುಡ್ಡು ಕೊಡಬೇಕಿಲ್ಲದ ಗಿಂಪ್ 1996ರಲ್ಲಿ. ಮನೆಯ ಕೆಲಸಕ್ಕೆ ಗಿಂಪ್ ಧಾರಾಳವಾಗಿ ಸಾಕು.

ಮುಖ್ಯ ಉಪಕರಣಗಳು ಎರಡು. ಕ್ಲೋನ್ ಎಂಬುದು ಒಂದು ಕಡೆಯ ಚುಕ್ಕೆಗಳನ್ನು ಇನ್ನೊಂದು ಕಡೆಗೆ ಇದ್ದಂತೆಯೇ ಒತ್ತುತ್ತದೆ. ಹೀಲಿಂಗ್ ಬ್ರಷ್ ಮೈಯ ನವುರನ್ನು ಮಾತ್ರ ತಂದು, ಬೆಳಕುನೆರಳನ್ನು ಸುತ್ತಲಿನದಕ್ಕೆ ಹೊಂದಿಸುತ್ತದೆ. ಮಗುವಿನ ಕೆನ್ನೆಯ ಮೇಲೆ ಹಾದುಹೋದ ಮಡಿಕೆಯ ಗೆರೆಗೆ ಎರಡನೆಯದು ಹೇಳಿಮಾಡಿಸಿದ್ದು. ಅದೇ ಗೆರೆ ಮುಂದುವರಿದು ಹಣೆಗೂ ಕಪ್ಪುಕೂದಲಿಗೂ ನಡುವಿನ ಅಂಚನ್ನು ದಾಟುವಲ್ಲಿ ಅದು ಕಪ್ಪುಬಿಳುಪನ್ನು ಕಲಸಿ ಮಸಿ ಬಳಿದಂತೆ ಮಾಡುತ್ತದೆ. ಅಲ್ಲಿ ಕ್ಲೋನ್ ಬಳಸಿ, ಅಂಚಿನ ಉದ್ದಕ್ಕೂ ಸ್ವಲ್ಪ ಹಿಂದಿನ ಭಾಗದಿಂದ ಎತ್ತಿ ಇಡಬೇಕು. ಕೆಲಸವೆಲ್ಲ ಮೂಲ ಸ್ಕ್ಯಾನಿನ ಮೇಲೊಂದು ಹೊಸ ಪದರದಲ್ಲಿ ನಡೆಯಬೇಕು. ತಪ್ಪಾದರೆ ಆ ಪದರವನ್ನು ಅಳಿಸಿದರಾಯಿತು.

ಕಲೆಗಳ ವಿಷಯದಲ್ಲಿ ಬಣ್ಣದ ಸ್ಕ್ಯಾನು ನೆರವಿಗೆ ಬರುತ್ತದೆ. ಕಂಪ್ಯೂಟರಿನಲ್ಲಿ ಪ್ರತಿ ಚಿತ್ರವೂ ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳ ಒಟ್ಟು. ಕಪ್ಪುಬಿಳುಪು ಫೋಟೊದ ಮೇಲೆ ಚಹದ ಬಣ್ಣದ ಹಳದಿ ಕಲೆ ಬಿದ್ದಿದ್ದರೆ ಅದು ನೀಲಿ ಬೆಳಕನ್ನು ನುಂಗುತ್ತದೆ, ಕೆಂಪನ್ನು ಬಿಟ್ಟುಕೊಡುತ್ತದೆ. ಹಾಗಾಗಿ ನೀಲಿ ಚಾನೆಲ್‌ನಲ್ಲಿ ಕಲೆ ಕಪ್ಪಾಗಿ, ಕೆಂಪು ಚಾನೆಲ್‌ನಲ್ಲಿ ಇದ್ದೂ ಇಲ್ಲದಂತೆ ಕಾಣುತ್ತದೆ. ಕೆಂಪನ್ನು ಮಾತ್ರ ಉಳಿಸಿಕೊಂಡರೆ ಒಂದೇ ಕ್ಷಣದಲ್ಲಿ ಅರ್ಧ ಕೆಲಸ ಮುಗಿದಂತೆ. ಮಕ್ಕಳು ನೀಲಿ ಬಾಲ್‌ಪೆನ್ನಿನಲ್ಲಿ ಮೀಸೆ ಬರೆದಿದ್ದರೆ ಲೆಕ್ಕ ತಿರುಗುಮುರುಗು: ಅದು ತೆಳ್ಳಗಾಗುವುದು ನೀಲಿ ಚಾನೆಲ್‌ನಲ್ಲಿ. ಕೆಂಪಾಗಿ ಮಾಸಿದ ಬಣ್ಣದ ಫೋಟೊಗೂ ಚಾನೆಲ್ಲೇ ಮದ್ದು. ಸಯಾನ್ ಹೋದದ್ದರಿಂದ ಕೆಂಪು ಚಾನೆಲ್ ತೀರಾ ತಿಳಿಯಾಗಿರುತ್ತದೆ. ಬೆಳಕುನೆರಳನ್ನು ಹೊಂದಿಸುವ ಲೆವೆಲ್ಸ್ ಎಂಬ ಉಪಕರಣದಲ್ಲಿ ಅದೊಂದನ್ನೇ ಕಪ್ಪಿನ ಕಡೆಗೆ ಎಳೆದರೆ ಮಾವಿನ ತೋರಣದ ಹಸಿರು ಸ್ವಲ್ಪವಾದರೂ ಮರಳುತ್ತದೆ.

ಮುಖವನ್ನು ಸೃಷ್ಟಿಸುವ ಯಂತ್ರ

ಹಾಳಾದ ಜಾಗವನ್ನು ಸುತ್ತಲಿನ ಮಾಹಿತಿಯಿಂದ ಗಣಿತದ ಮೂಲಕ ತುಂಬಿಸುವ ವಿಧಾನಕ್ಕೆ ಬರ್ತಾಲ್ಮಿಯೊ, ಸಪೀರೊ ಮತ್ತು ಸಂಗಡಿಗರು 2000ದಲ್ಲಿ ಮಂಡಿಸಿದ ಪ್ರಬಂಧ ಒಂದು ಮೈಲಿಗಲ್ಲು. ಈಗ ಬಳಕೆಗೆ ಬಂದಿರುವ ಕೃತಕ ಬುದ್ಧಿಮತ್ತೆಯ ಉಪಕರಣಗಳು ಇನ್ನೂ ಮುಂದೆ ಹೋಗಿ, ಕಲಿತ ಮುಖಗಳಿಂದ ಹೊಸ ಮುಖ ಕಟ್ಟುತ್ತವೆ. 2021ರಲ್ಲಿ ಹೊರಬಂದ ಜಿಎಫ್‌ಪಿಗ್ಯಾನ್ ಅಭ್ಯಾಸ ಮಾಡಿದ್ದು ಇಂಟರ್ನೆಟ್ಟಿನಿಂದ ಕಲೆಹಾಕಿದ 70,000 ಇಂದಿನ ಮುಖಗಳ ಮೇಲೆ. ಮುತ್ತಜ್ಜಿಯ ಮಸುಕಾದ ಮುಖವನ್ನು ಅದಕ್ಕೆ ಕೊಟ್ಟರೆ ಕಣ್ಣರೆಪ್ಪೆಯ ಕೂದಲು ಎಣಿಸುವಷ್ಟು ಸ್ಪಷ್ಟವಾದ ಚಿತ್ರ ಬರುತ್ತದೆ. ಆ ಕಣ್ಣು ಮುತ್ತಜ್ಜಿಯದಾಗಿರುವ ಖಾತ್ರಿ ಇಲ್ಲ. ಮೂಗುತಿ, ಬುಗುಡಿ, ಹಣೆಯ ಗೀರುಗಳು ಬೇರೆಯದೇ ಆಗಿಬಿಡುವುದುಂಟು. ಅವರನ್ನು ಕಂಡಿದ್ದ ಹಿರಿಯರು 'ಇದು ಅವಳಲ್ಲ' ಎಂದರೆ ಅವರ ಮಾತನ್ನೇ ನಂಬಬೇಕು. ಆಕಾಶ, ಗೋಡೆ, ಪರದೆಗಳಿಗೆ ಈ ಯಂತ್ರ ಬಳಸುವುದರಲ್ಲಿ ತೊಂದರೆಯಿಲ್ಲ. ಮುಖಕ್ಕೆ ಬಳಸುವುದು ತಪ್ಪು.

ಬಣ್ಣ ತುಂಬುವುದರಲ್ಲೂ ಇದೇ ಅಪಾಯ. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಲಕಗಳು ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಹಾಗಾಗಿ ಕುಂಕುಮ ಕರೀಬೊಟ್ಟಾಗಿ, ಕೆಂಪುಸೀರೆ ಕಪ್ಪುಸೀರೆಯಾಗಿ, ಮೈಬಣ್ಣ ಇದ್ದದ್ದಕ್ಕಿಂತ ಕಪ್ಪಾಗಿ, ತಿಳಿನೀಲಿ ಬಿಳಿಯಾಗಿ ಮೂಡುತ್ತಿದ್ದವು. ಆ ಬೂದುಬಣ್ಣವನ್ನು ನೋಡಿ ಯಂತ್ರ ಸೀರೆಯ ಬಣ್ಣ ಹೇಳುವುದು ಬರೀ ಊಹೆ.

ಊಹೆ ಎಲ್ಲಿಗೆ ಹೋಗಬಹುದು ಎಂಬುದಕ್ಕೆ ಕಾಂಬೋಡಿಯಾದ ನಿದರ್ಶನವಿದೆ. ಖ್ಮೆರ್ ರೂಜ್ ಆಡಳಿತದ ತುವೋಲ್ ಸ್ಲೆಂಗ್ ಸೆರೆಮನೆಯಲ್ಲಿ ಕೊಲೆಯಾದವರ ಫೋಟೊಗಳಿಗೆ ಬಣ್ಣ ತುಂಬಿದ ಕಲಾವಿದನೊಬ್ಬ ಕೆಲವರ ಮುಖಕ್ಕೆ ನಗುವನ್ನೂ ಸೇರಿಸಿದ್ದ. 2021ರ ಏಪ್ರಿಲ್‌ನಲ್ಲಿ ಅವನ್ನು ಪ್ರಕಟಿಸಿದ ವೈಸ್ ಜಾಲತಾಣ, ಕಾಂಬೋಡಿಯಾ ಸರ್ಕಾರ ಮತ್ತು ಸತ್ತವರ ಬಂಧುಗಳ ಆಕ್ಷೇಪದ ಬಳಿಕ ಹಿಂತೆಗೆದುಕೊಂಡಿತು. ಕ್ಯಾಮೆರಾದಿಂದ ತೆಗೆದು ಇಂದಿಗೂ ಉಳಿದಿರುವ ಚಿತ್ರಗಳಲ್ಲಿ ಅತ್ಯಂತ ಹಳೆಯದಾದ, 1827ರ ಸುಮಾರಿಗೆ ನೀಸೆಫೋರ್ ನಿಯೆಪ್ಸ್ ತನ್ನ ಮನೆಯ ಕಿಟಕಿಯಿಂದ ತೆಗೆದ ದೃಶ್ಯದ ಕಥೆಯೂ ಕೇಳಬೇಕಾದದ್ದು. ಪುಸ್ತಕಗಳಲ್ಲಿ ನಾವು ನೋಡುವುದು ಆ ಲೋಹದ ಫಲಕವನ್ನಲ್ಲ. 1952ರಲ್ಲಿ ತೆಗೆಸಿದ ನಕಲಿನ ಮೇಲೆ ಇತಿಹಾಸಕಾರ ಹೆಲ್ಮುಟ್ ಗೆರ್ನ್‌ಶೈಮ್ ಜಲವರ್ಣದಿಂದ ತಿದ್ದಿದ ರೂಪವನ್ನು. ಇದಕ್ಕೆ ತದ್ವಿರುದ್ಧವಾಗಿ, 1865ರ ಫೆಬ್ರವರಿಯಲ್ಲಿ ಅಲೆಕ್ಸಾಂಡರ್ ಗಾರ್ಡ್‌ನರ್ ತೆಗೆದ ಲಿಂಕನ್ ಚಿತ್ರದಲ್ಲಿ ಗಾಜಿನ ನೆಗೆಟಿವ್ ಸೀಳಿದ ಗೆರೆ ತಲೆಯ ಮೇಲ್ಭಾಗದಲ್ಲಿ ಹಾದುಹೋಗಿದೆ. ವಾಷಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯ ಅದನ್ನು ಗೆರೆಯ ಸಮೇತ ತೋರಿಸುತ್ತದೆ.

ಎತ್ತಿಡುವುದು

ತಿದ್ದಿದ ಚಿತ್ರವನ್ನು ಫೋಟೊ ಲ್ಯಾಬಿನಲ್ಲಿ ಬೆಳ್ಳಿಲೇಪದ ಕಾಗದದ ಮೇಲೋ, ಪಿಗ್ಮೆಂಟ್ ಶಾಯಿಯ ಪ್ರಿಂಟರಿನಲ್ಲೋ ತೆಗೆಸಿ, ಗಾಜಿಗೂ ಚಿತ್ರಕ್ಕೂ ನಡುವೆ ರಟ್ಟಿನ ಮೌಂಟ್ ಹಾಕಿಸಿ, ಒಳಗೋಡೆಗೆ ತೂಗಿದರೆ ಗಂಧ ಕುಂಕುಮ ಹೂಮಾಲೆಗಳೆಲ್ಲ ಆ ನಕಲಿಗೆ ಸಲ್ಲುತ್ತವೆ. ತಿದ್ದದ ಸ್ಕ್ಯಾನನ್ನೂ ತಿದ್ದಿದ್ದರ ಜೊತೆ ಇಟ್ಟುಕೊಂಡು, ಎರಡು ಬೇರೆ ಬೇರೆ ಕಡೆ ಉಳಿಸಬೇಕು.

ಅಪರೂಪದ ಮೂಲ ತೀರಾ ಹದಗೆಟ್ಟಿದ್ದರೆ ಪರಿಣತರಿದ್ದಾರೆ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. 2023ರ ಫೆಬ್ರವರಿಯಲ್ಲಿ ಕಸ್ತೂರಬಾ ರಸ್ತೆಯಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯ, ಜನ ಮ್ಯಾಪ್ ಎಂದು ಕರೆಯುವುದು, ತನ್ನದೇ ಸಂರಕ್ಷಣಾ ವಿಭಾಗ ಹೊಂದಿದೆ.

ಮೂಲಪ್ರತಿಗೆ ಆಮ್ಲರಹಿತ ಕಾಗದದ ಲಕೋಟೆ ಒಳ್ಳೆಯದು. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಬೇಡ. ಅಟ್ಟದಲ್ಲಿ ಬಿಸಿ, ನೆಲದಲ್ಲಿ ತೇವ, ಹಾಗಾಗಿ ಒಳಕೋಣೆಯ ಬೀರುವಿನ ನಡುವಿನ ಅಂಕಣವೇ ಸರಿಯಾದ ಜಾಗ. ಫೋಟೊದಲ್ಲಿ ಯಾರು ಯಾರಿದ್ದಾರೆ, ಯಾವ ಊರು, ಯಾವ ವರ್ಷ ಎಂಬುದನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ, ಬೆನ್ನಿನ ಅಂಚಿನಲ್ಲಿ ಮೆದುವಾದ ಪೆನ್ಸಿಲಿನಿಂದ ಒತ್ತದೆ ಬರೆಯಬೇಕು. ಬಾಲ್‌ಪೆನ್ನಿನ ಒತ್ತು ಮುಂಬದಿಯಲ್ಲಿ ಉಬ್ಬಿ ಕಾಣುತ್ತದೆ, ಶಾಯಿ ಪಕ್ಕದ ಫೋಟೊಗೆ ಹತ್ತುತ್ತದೆ. ಆರ್‌ಸಿ ಕಾಗದದ ನುಣುಪು ಬೆನ್ನಿನ ಮೇಲೆ ಪೆನ್ಸಿಲು ಹಿಡಿಯುವುದಿಲ್ಲ. ಅಂಥವಕ್ಕೆ ಹೆಸರುಗಳನ್ನು ಲಕೋಟೆಯ ಮೇಲೆ, ಫೋಟೊ ಒಳಗಿಡುವ ಮೊದಲೇ ಬರೆದಿಡುತ್ತಾರೆ.